ದಾರುಲ್ ಶಿಫಾದಿಂದ ನರ್ಸಿಂಗ್ ಹೋಮಿನವರೆಗೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಹಿರಿಯರು ಇಂದಿಗೂ ಆಸ್ಪತ್ರೆಯನ್ನು ‘ದವಾಖಾನಿ’ ಎನ್ನುತ್ತಾರೆ. ದವಾ ಅರಬಿ ಮಾತು, ಖಾನಾ ಫಾರಸಿ ಮಾತು. ಎರಡೂ ಸೇರಿ ಹಿಂದೂ ಮುಸ್ಲಿಮರೆನ್ನದೆ ಎಲ್ಲರ ಬಾಯಲ್ಲಿ ಕನ್ನಡವೇ ಆಗಿಹೋಗಿವೆ. ‘ನರ್ಸಿಂಗ್ ಹೋಮ್’ ಎಂಬ ಮಾತು ನಮ್ಮಲ್ಲಿಗೆ ಬಂದದ್ದು ಬಹಳ ತಡವಾಗಿ. ಇಂಗ್ಲೆಂಡಿನಲ್ಲಿ ಇಂದು ಆ ಹೆಸರು ಮುಖ್ಯವಾಗಿ ವೃದ್ಧರನ್ನು ನೋಡಿಕೊಳ್ಳುವ ಮನೆಗೆ ಸಲ್ಲುತ್ತದೆ. ನಮ್ಮಲ್ಲಿ ಅದು ಹತ್ತಿಪ್ಪತ್ತು ಮಂಚಗಳ ಖಾಸಗಿ ಆಸ್ಪತ್ರೆ. ಹೆಚ್ಚಾಗಿ ಹೆರಿಗೆ ಮತ್ತು ಸಣ್ಣಪುಟ್ಟ ಶಸ್ತ್ರಚಿಕಿತ್ಸೆಗಳ ಜಾಗ.

ಇಂಥ ನರ್ಸಿಂಗ್ ಹೋಮನ್ನು ನಮ್ಮ ಜನ ಆರಿಸುವುದು ಹೇಗೆ? ಊರಿನ ಆರ್‌ಎಂಪಿ ಡಾಕ್ಟರು ಚೀಟಿ ಬರೆದುಕೊಟ್ಟ ಕಡೆಗೆ ಹೋಗುವವರಿದ್ದಾರೆ. ಆಟೋದವರು ಇಳಿಸಿದ ಬಾಗಿಲಿಗೆ ಹೋಗುವವರಿದ್ದಾರೆ. ಕಟ್ಟಡ ಹೊಸದು, ನೆಲ ಫಳಫಳ ಹೊಳೆಯುತ್ತದೆ ಎಂದು ನಂಬುವವರೂ ಇದ್ದಾರೆ. ಎತ್ತು ಕೊಳ್ಳುವಾಗ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುವ ರೈತ, ಹೆಂಡತಿಯನ್ನು ಹೆರಿಗೆಗೆ ಸೇರಿಸುವಾಗ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಡಾಕ್ಟರನ್ನು ಪ್ರಶ್ನಿಸುವುದು ಅಗೌರವ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಇತಿಹಾಸವನ್ನು ತೆರೆದು ನೋಡಿದರೆ, ವೈದ್ಯನನ್ನೂ ಆಸ್ಪತ್ರೆಯನ್ನೂ ಪ್ರಶ್ನಿಸಿದ ಕಾಲದಲ್ಲೇ ವೈದ್ಯವೃತ್ತಿಯ ಗೌರವ ಹೆಚ್ಚಿತ್ತೆಂದು ತಿಳಿಯುತ್ತದೆ. ಚಿಕಿತ್ಸೆ ಮಾಡುವವನನ್ನು ಪರೀಕ್ಷಿಸಿದವರು ಯಾರು, ಮಾಡಿದ ಚಿಕಿತ್ಸೆಯ ಬರಹ ಯಾರ ಕೈಯಲ್ಲಿದೆ, ಎಡವಟ್ಟಾದರೆ ಉತ್ತರ ಹೇಳುವವರು ಯಾರು ಎಂಬ ಮೂರು ಪ್ರಶ್ನೆಗಳು ಸಾವಿರ ವರ್ಷ ಹಳೆಯವು.

ಬಗ್ದಾದಿನ ಪರೀಕ್ಷೆ

ವೈದ್ಯವಿದ್ಯೆ ಕಲಿಯದೆ ಚಿಕಿತ್ಸೆಗೆ ಕೈಹಾಕಿದವನು ಆಗುವ ಹಾನಿಗೆ ತಾನೇ ಹೊಣೆ ಎಂಬ ಆಶಯದ ಪ್ರವಾದಿ ವಚನ ಅಬೂದಾವೂದ್, ನಸಾಈ ಮತ್ತು ಇಬ್ನುಮಾಜ ಹದೀಸ್ ಸಂಗ್ರಹಗಳಲ್ಲಿದೆ. ಮುಂದೆ ಇಸ್ಲಾಮೀ ನಗರಗಳಲ್ಲಿ ಇದೇ ಆಶಯ ಆಡಳಿತದ ರೂಪ ಪಡೆಯಿತು. ಸಂತೆಯಲ್ಲಿ ತೂಕ, ಅಳತೆ, ಕಲಬೆರಕೆಗಳನ್ನು ನೋಡುತ್ತಿದ್ದ ಮುಹ್ತಸಿಬ್ ಎಂಬ ಅಧಿಕಾರಿಗೆ ವೈದ್ಯರ ಮೇಲ್ವಿಚಾರಣೆಯೂ ಸೇರಿತು.

ಕ್ರಿ.ಶ. 931ರಲ್ಲಿ, ಅಂದರೆ ಹಿಜರಿ 319ರಲ್ಲಿ, ವೈದ್ಯನೊಬ್ಬನ ತಪ್ಪಿನಿಂದ ಬಗ್ದಾದಿನಲ್ಲಿ ರೋಗಿಯೊಬ್ಬ ಸತ್ತ ಸುದ್ದಿ ಖಲೀಫ ಮುಕ್ತದಿರ್‌ಗೆ ತಲುಪಿತು. ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಯಾರೂ ಚಿಕಿತ್ಸೆ ಮಾಡಕೂಡದೆಂದು ಆತ ಮುಹ್ತಸಿಬನಿಗೆ ಆಜ್ಞೆ ಮಾಡಿದ. ಪರೀಕ್ಷಿಸುವ ಕೆಲಸ ಸಿನಾನ್ ಬಿನ್ ಸಾಬಿತ್ ಎಂಬ ಹಿರಿಯ ವೈದ್ಯನದಾಯಿತು. ಹೆಸರಾಂತ ವೈದ್ಯರನ್ನೂ ಅರಮನೆಯ ವೈದ್ಯರನ್ನೂ ಬಿಟ್ಟು, ನಗರದ 860ಕ್ಕೂ ಹೆಚ್ಚು ಮಂದಿ ಪರೀಕ್ಷೆಗೆ ಕೂತರೆಂದು ಅರಬಿ ಇತಿಹಾಸಕಾರರು ಬರೆದಿದ್ದಾರೆ.

ಈ ಪರೀಕ್ಷೆಯ ಕುರಿತ ಒಂದು ಪ್ರಸಂಗ ನಮ್ಮ ಹಳ್ಳಿಗಳ ಸ್ಥಿತಿಗೆ ಹತ್ತಿರವಾದುದು. ಗಂಭೀರ ಮುಖದ ಮುದುಕನೊಬ್ಬ ಸಿನಾನ್ ಬಳಿ ಬಂದು, ತನಗೆ ಓದುಬರಹ ಬಾರದೆಂದೂ, ಸಂಸಾರ ಸಾಕಲು ಈ ವೃತ್ತಿಯೇ ಆಧಾರವೆಂದೂ ಒಪ್ಪಿಕೊಂಡ. ಸಿನಾನ್ ಅವನ ಅನ್ನ ಕಸಿಯಲಿಲ್ಲ. ತಿಳಿಯದ ಕಾಯಿಲೆಗೆ ಕೈಹಾಕಬಾರದು, ರಕ್ತ ತೆಗೆಯಬಾರದು, ಕಡುವಾದ ಭೇದಿ ಔಷಧಿ ಕೊಡಬಾರದು ಎಂದು ಕಟ್ಟುಮಾಡಿ ಕಳಿಸಿದ. ತಾನು ಆಯುಷ್ಯವಿಡೀ ಪಾನಕ, ಶರಬತ್ತು ಬಿಟ್ಟು ಬೇರೇನೂ ಕೊಟ್ಟಿಲ್ಲ ಎಂದು ಮುದುಕ ಹೇಳಿದನಂತೆ. ಬಡವರ ಮನೆಬಾಗಿಲಿಗೆ ಬರುವ ಅರೆವೈದ್ಯನನ್ನು ಒಮ್ಮೆಲೇ ಇಲ್ಲವಾಗಿಸಲು ಆಗದಿದ್ದರೆ, ಅವನ ಎಲ್ಲೆ ಯಾವುದೆಂದಾದರೂ ಗುರುತಿಸಬೇಕೆಂಬ ವಿವೇಕ ಇದರಲ್ಲಿದೆ. ಇಂದು ನಮ್ಮಲ್ಲಿ ಆ ಎಲ್ಲೆಯೇ ಅಳಿಸಿಹೋಗಿದೆ. ಯಾವ ಜ್ವರಕ್ಕೂ ಸೂಜಿ, ಯಾವ ಸುಸ್ತಿಗೂ ಸಲೈನ್ ಎಂಬಂತಾಗಿದೆ.

ಹನ್ನೆರಡನೇ ಶತಮಾನದ ಶೈಝರಿ ಎಂಬ ಲೇಖಕ ಮುಹ್ತಸಿಬರಿಗಾಗಿ ಒಂದು ಕೈಪಿಡಿ ಬರೆದ. ಅದರಲ್ಲಿ ಆತ ಮುಂದಿಡುವ ಮಾದರಿ ಹೀಗಿದೆ. ವೈದ್ಯನು ರೋಗಿಯನ್ನು ನೋಡಿದ ಮೇಲೆ ರೋಗಲಕ್ಷಣ ಮತ್ತು ಔಷಧಿಯನ್ನು ಕಾಗದದಲ್ಲಿ ಬರೆದು, ಸಾಕ್ಷಿಗಳೆದುರು ಅದರ ಪ್ರತಿಯನ್ನು ಮನೆಯವರಿಗೆ ಕೊಡಬೇಕು. ರೋಗಿ ಸತ್ತರೆ ಮನೆಯವರು ಆ ಕಾಗದಗಳನ್ನು ಮುಖ್ಯ ವೈದ್ಯನೆದುರು ಇಡಬೇಕು. ಚಿಕಿತ್ಸೆ ಶಾಸ್ತ್ರದ ಪ್ರಕಾರವೇ ನಡೆದಿದ್ದರೆ ವೈದ್ಯನಿಗೆ ಕಳಂಕವಿಲ್ಲ. ಅಲಕ್ಷ್ಯವಾಗಿದ್ದರೆ ಆತ ಪರಿಹಾರ ತೆರಬೇಕು. ಈ ಮಾದರಿ ರೋಗಿಯನ್ನಷ್ಟೇ ಕಾಯುವುದಿಲ್ಲ, ಪ್ರಾಮಾಣಿಕ ವೈದ್ಯನನ್ನೂ ಜನರ ಸಿಟ್ಟಿನಿಂದ ಕಾಯುತ್ತದೆ.

ನಮ್ಮಲ್ಲಿ ಆಗಾಗ ಹೇಳುವ ಇನ್ನೊಂದು ಕಥೆಯಿದೆ. ಬಗ್ದಾದಿನಲ್ಲಿ ಆಸ್ಪತ್ರೆ ಕಟ್ಟಲು ಜಾಗ ಹುಡುಕುವಾಗ ಮಹಾವೈದ್ಯ ರಾಝಿ ಊರಿನ ಬೇರೆ ಬೇರೆ ಕಡೆ ಮಾಂಸದ ತುಂಡುಗಳನ್ನು ತೂಗುಹಾಕಿಸಿ, ಎಲ್ಲಿ ಅದು ತಡವಾಗಿ ಕೆಟ್ಟಿತೋ ಅಲ್ಲಿ ಕಟ್ಟಿಸಿದನೆಂಬ ಕಥೆ ಅದು. ಅದನ್ನು ಅದುದ್ದೌಲನ ಪ್ರಸಿದ್ಧ ಆಸ್ಪತ್ರೆಗೆ ಹೊಂದಿಸಿ ಹೇಳುವುದುಂಟು. ಆದರೆ ರಾಝಿ ತೀರಿಹೋದದ್ದು 925ರ ಸುಮಾರಿಗೆ. ಆ ಆಸ್ಪತ್ರೆ ತೆರೆದದ್ದು 980ರ ದಶಕದ ಆರಂಭದಲ್ಲಿ. ಕಥೆಯನ್ನು ದಾಖಲಿಸಿದ ಇಬ್ನು ಅಬೀ ಉಸೈಬಿಅ ಸ್ವತಃ ಈ ಕಾಲಗಣನೆಯ ತೊಡಕನ್ನು ಗುರುತಿಸಿದ್ದ. ಹೊಗಳಿಕೆಗಾಗಿ ಇತಿಹಾಸವನ್ನು ತಿರುಚುವುದು ಬೇಡ. ಆದರೂ ಆಸ್ಪತ್ರೆಯ ಯೋಗ್ಯತೆಯನ್ನು ಅಲಂಕಾರದಿಂದಲ್ಲ, ಶುಚಿತ್ವದಿಂದ ಅಳೆಯಬೇಕೆಂಬ ತಿಳುವಳಿಕೆ ಅಂದಿನ ಜನರಲ್ಲಿತ್ತು ಎಂಬುದಕ್ಕೆ ಕಥೆಯೇ ಸಾಕ್ಷಿ.

ಕನ್ನಡ ನೆಲ, ದಖನ್ನಿನ ನೆಲ

ಕನ್ನಡ ನಾಡಿನಲ್ಲೂ ರೋಗಿಗಳ ಆರೈಕೆ ದಾನಧರ್ಮದ ಭಾಗವಾಗಿತ್ತು. ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನವು ಆ ಮಠವನ್ನು ವಿದ್ಯೆಯ, ಅನ್ನದಾನದ ತಾಣವೆಂದು ಬಣ್ಣಿಸುವಾಗ ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರ ನಡೆಯುವ ಜಾಗವೆಂದೂ ಹೇಳುತ್ತದೆ. ಬಹಮನಿ ಸುಲ್ತಾನ ಎರಡನೇ ಅಲಾವುದ್ದೀನ್ ಅಹ್ಮದ್ (1436-1458) ಬೀದರಿನಲ್ಲಿ ಆಸ್ಪತ್ರೆ ಕಟ್ಟಿಸಿ, ಅದರ ಖರ್ಚಿಗೆ ಹಳ್ಳಿಗಳ ಆದಾಯವನ್ನು ಬಿಟ್ಟುಕೊಟ್ಟ. ಅಲ್ಲಿ ಹಿಂದೂ ವೈದ್ಯರೂ ಮುಸ್ಲಿಂ ಹಕೀಮರೂ ಜೊತೆಯಾಗಿ ಕೆಲಸ ಮಾಡುತ್ತಿದ್ದರು. ಹೈದರಾಬಾದಿನ ದಾರುಲ್ ಶಿಫಾವನ್ನು ಮುಹಮ್ಮದ್ ಕುಲಿ ಕುತುಬ್ ಷಾ 1595ರಲ್ಲಿ ಕಟ್ಟಿಸಿದ. ಇವೆಲ್ಲ ರೋಗಿಯ ಜೇಬನ್ನು ನಂಬಿ ನಡೆದವುಗಳಲ್ಲ. ಆದ್ದರಿಂದ ಬೇಡದ ಚಿಕಿತ್ಸೆ ಮಾಡಿ ಹಣ ಗಳಿಸುವ ಆಸೆಗೆ ಅಲ್ಲಿ ಎಡೆ ಕಡಿಮೆಯಿತ್ತು. ಇಂದಿನ ನರ್ಸಿಂಗ್ ಹೋಮ್ ರೋಗಿಯ ಹಣದಿಂದಲೇ ನಡೆಯಬೇಕು. ಅದು ತಪ್ಪಲ್ಲ. ಆದರೆ ಹಣ ಪಡೆಯುವವರೇ ಎಷ್ಟು ಚಿಕಿತ್ಸೆ ಬೇಕೆಂದೂ ತೀರ್ಮಾನಿಸುವಾಗ ಹೊರಗಿನ ಕಣ್ಣು ಇನ್ನಷ್ಟು ಅಗತ್ಯವಾಗುತ್ತದೆ.

ಕ್ಲೋರೋಫಾರಂ ಕಲಿಸಿದ ಪಾಠ

ಕೊಪ್ಪಳ ಸೀಮೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು; ಕೊಪ್ಪಳವು ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಆ ಸಂಸ್ಥಾನದ ರಾಜಧಾನಿಯಲ್ಲಿ 1846ರಲ್ಲಿ ವೈದ್ಯಕೀಯ ಶಾಲೆ ಶುರುವಾಗಿ, ಉರ್ದುವಿನಲ್ಲೇ ಪಾಠ ನಡೆಯಿತು. ರೋಗಿಯ ಸುರಕ್ಷತೆಯ ಬಗ್ಗೆ ಜಗತ್ತೇ ಗಮನಿಸಿದ ಪ್ರಯೋಗವೊಂದು ನಡೆದದ್ದೂ ಅಲ್ಲಿಯೇ.

ಶಸ್ತ್ರಚಿಕಿತ್ಸೆಗೆ ಮೊದಲು ಕ್ಲೋರೋಫಾರಂ ಕೊಟ್ಟಾಗ ಕೆಲವರು ಮೇಜಿನ ಮೇಲೆಯೇ ಸಾಯುತ್ತಿದ್ದರು. ಉಸಿರು ನಿಂತು ಸಾಯುತ್ತಾರೋ, ಹೃದಯ ನಿಂತು ಸಾಯುತ್ತಾರೋ ಎಂಬ ವಿವಾದವಿತ್ತು. ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ 1888ರಲ್ಲಿ ಮೊದಲ ಕ್ಲೋರೋಫಾರಂ ಆಯೋಗವನ್ನು ನಡೆಸಿದ. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನು ಒಪ್ಪದಿದ್ದಾಗ ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್‌ರ ಸರಕಾರ 1000 ಪೌಂಡ್ ಕೊಟ್ಟು ಅಲ್ಲಿನ ತಜ್ಞರನ್ನೇ ಕರೆಸಿತು. 1889ರ ಎರಡನೇ ಆಯೋಗದಲ್ಲಿ ಲಾಡರ್ ಬ್ರಂಟನ್ ಭಾಗವಹಿಸಿದ. ಜಗತ್ತಿನ ಮೊದಲ ಅರಿವಳಿಕೆ ವೈದ್ಯೆಯರಲ್ಲಿ ಒಬ್ಬರಾದ ರೂಪಾಬಾಯಿ ಫರ್ದೂನ್‌ಜಿ ಇದೇ ಹೈದರಾಬಾದಿನ ಶಾಲೆಯಲ್ಲಿ ಕಲಿತವರು. ಆಯೋಗವು ಉಸಿರಾಟದ ಮೇಲೆಯೇ ಕಣ್ಣಿಡಬೇಕೆಂದು ತೀರ್ಪಿತ್ತಿತು. ಆ ತೀರ್ಪು ಪೂರ್ತಿ ಸರಿಯಾಗಿರಲಿಲ್ಲ; ಕ್ಲೋರೋಫಾರಂ ನೇರವಾಗಿ ಹೃದಯವನ್ನೂ ನಿಲ್ಲಿಸಬಲ್ಲದೆಂದು 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿದ.

ಆದರೆ ಒಂದು ಸಂಗತಿ ಉಳಿಯಿತು. ಕತ್ತರಿ ಹಿಡಿದವನು ಒಬ್ಬ, ರೋಗಿಯ ಉಸಿರು ಮತ್ತು ನಾಡಿಯನ್ನು ನೋಡುತ್ತ ಕೂರುವವನು ಇನ್ನೊಬ್ಬ ಇರಬೇಕು. ಇಂದು ತಾಲ್ಲೂಕು ಊರಿನ ನರ್ಸಿಂಗ್ ಹೋಮಿನಲ್ಲಿ ಸಿಜೇರಿಯನ್ ಎಂದಾಗ ನಾವು ಕೇಳಬೇಕಾದ ಮೊದಲ ಮಾತು ಇದೇ: ಅರಿವಳಿಕೆ ಕೊಡುವ ಡಾಕ್ಟರು ಬೇರೆ ಇದ್ದಾರೆಯೇ, ಶಸ್ತ್ರಚಿಕಿತ್ಸೆ ಮುಗಿಯುವ ತನಕ ಇರುತ್ತಾರೆಯೇ?

ಕಾಲುವೆ, ಕ್ಯಾಂಪು, ಕಾನೂನು

1948ರಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾಯಿತು. ಮರುವರ್ಷ ಜಹಗೀರುಗಳು ರದ್ದಾದವು. 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ಹೊಸ ಜಿಲ್ಲೆಯಾಯಿತು. ಒಂದೇ ಜಿಲ್ಲೆಯಾದರೂ ನೆಲ ಒಂದೇ ಅಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ ಗಂಗಾವತಿಯನ್ನು ಭತ್ತದ ಕಣಜವಾಗಿಸಿತು. ಆಂಧ್ರದ ರೈತರ ಕ್ಯಾಂಪುಗಳು ಬಂದವು, ಅಕ್ಕಿ ಗಿರಣಿಗಳು ಬಂದವು. ಕುಷ್ಟಗಿ, ಯಲಬುರ್ಗಾಗಳ ಮಳೆಯಾಶ್ರಿತ ಹಳ್ಳಿಗಳಿಂದ ಜನ ಗುಳೆ ಹೋಗುವುದು ನಿಲ್ಲಲಿಲ್ಲ. ಖಾಸಗಿ ಆಸ್ಪತ್ರೆ ಹಣವಿರುವ ಕಡೆಗೆ ಹೋಗುತ್ತದೆ. ರೋಗ ಹಾಗೆ ಊರು ನೋಡಿ ಬರುವುದಿಲ್ಲ. ಕೊಪ್ಪಳಕ್ಕೆ ಸರಕಾರಿ ವೈದ್ಯಕೀಯ ಕಾಲೇಜು ಬಂದದ್ದು 2015ರಲ್ಲಿ. ಅದಕ್ಕೂ ಮೊದಲು ಕಷ್ಟದ ಹೆರಿಗೆಗಳು ಹುಬ್ಬಳ್ಳಿಗೋ ಬಳ್ಳಾರಿಗೋ ಹೋಗಬೇಕಿತ್ತು. ಈಗಲೂ ಎಷ್ಟೋ ಹೋಗುತ್ತವೆ.

ಇಂಗ್ಲೆಂಡ್ ತನ್ನ ನರ್ಸಿಂಗ್ ಹೋಮುಗಳ ನೋಂದಣಿಗೆ ಕಾನೂನು ಮಾಡಿದ್ದು 1927ರಲ್ಲಿ; ಬೊಂಬಾಯಿ ಪ್ರಾಂತ 1949ರಲ್ಲಿ; ಕರ್ನಾಟಕ 1976ರಲ್ಲಿ. ವೈದ್ಯಕೀಯ ಸೇವೆ ಗ್ರಾಹಕ ರಕ್ಷಣಾ ಕಾಯ್ದೆಯ ಅಡಿ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪು ಕೊಟ್ಟಿತು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಲ್ಲಿ ಬಂತು. ಅದಕ್ಕೆ 2017ರಲ್ಲಿ ತಿದ್ದುಪಡಿ ತರುವಾಗ ಖಾಸಗಿ ವೈದ್ಯರು ರಾಜ್ಯದಾದ್ಯಂತ ಮುಷ್ಕರ ಹೂಡಿದ್ದು ನೆನಪಿರಬಹುದು. ಕೊನೆಗೆ ಕೆಲವು ಕಲಮುಗಳು ಸಡಿಲಗೊಂಡು ತಿದ್ದುಪಡಿ ಅಂಗೀಕಾರವಾಯಿತು. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ನೋಂದಣಿ ಮತ್ತು ದೂರು ಪರಿಹಾರ ಪ್ರಾಧಿಕಾರ, ರೋಗಿಗಳ ಹಕ್ಕುಗಳ ಸನ್ನದು, ದರಪಟ್ಟಿ ತೂಗುಹಾಕುವ ಕಡ್ಡಾಯ ಅದರಿಂದ ಬಂದವು. ತುರ್ತು ಸ್ಥಿತಿಯಲ್ಲಿ ಮುಂಗಡ ಹಣಕ್ಕೆ ಪಟ್ಟು ಹಿಡಿಯಬಾರದು, ಬಾಕಿಗಾಗಿ ಶವವನ್ನು ತಡೆಹಿಡಿಯಬಾರದು ಎಂಬ ನಿಯಮಗಳೂ ಬಂದವು. ಶೈಝರಿ ಹೇಳಿದ ಮುಖ್ಯ ವೈದ್ಯನ ಜಾಗದಲ್ಲಿ ಇಂದು ಈ ಪ್ರಾಧಿಕಾರವಿದೆ ಎನ್ನಬಹುದು. ಆದರೆ ಹೀಗೊಂದು ಬಾಗಿಲಿದೆ ಎಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಕೊಪ್ಪಳದ ತಾಯಂದಿರು

ಗುಣಮಟ್ಟ, ಸುರಕ್ಷತೆ ಎಂಬುವು ಪೇಟೆಯವರ ದೊಡ್ಡ ಮಾತುಗಳೆಂದು ಭಾವಿಸುವವರು ಕೊಪ್ಪಳದ ಬಗ್ಗೆಯೇ ನಡೆದ ಅಧ್ಯಯನವೊಂದನ್ನು ಗಮನಿಸಬೇಕು. ಈ ಜಿಲ್ಲೆಯಲ್ಲಿ ತಾಯಂದಿರ ಸಾವು ಏಕೆ ನಿಲ್ಲುತ್ತಿಲ್ಲವೆಂದು ಪರಿಶೀಲಿಸಿದ ಸಂಶೋಧಕಿ ಆಶಾ ಜಾರ್ಜ್ 2007ರಲ್ಲಿ ತಮ್ಮ ಬರಹ ಪ್ರಕಟಿಸಿದರು. ಆಸ್ಪತ್ರೆಗೆ ಹೋಗದೆ ಸಾಯುತ್ತಾರೆ ಎಂಬ ಸುಲಭದ ಉತ್ತರ ಅವರಿಗೆ ಸಿಗಲಿಲ್ಲ. ಆರೋಗ್ಯ ಸೇವೆಯ ಬಾಗಿಲು ತಟ್ಟಿದವರೂ ಸಾಯುತ್ತಿದ್ದರು. ಮಾಹಿತಿ ದಾಖಲೆಯ ಕೊರತೆ, ಒಬ್ಬರಿಂದ ಒಬ್ಬರಿಗೆ ಮುಂದುವರಿಯದ ಆರೈಕೆ, ಆಸರೆಯಿಲ್ಲದ ಆರೋಗ್ಯ ಕಾರ್ಯಕರ್ತೆಯರು, ಗೊತ್ತುಗುರಿಯಿಲ್ಲದೆ ಮುಂದಿನೂರಿಗೆ ಸಾಗಹಾಕುವುದು, ದಾರಿತಪ್ಪಿದ ಉತ್ತರದಾಯಿತ್ವ, ಇವು ಅವರು ಕಂಡ ಕಾರಣಗಳು. ಹೆರಿಗೆ ಆಸ್ಪತ್ರೆಯಲ್ಲಾಯಿತು ಎಂಬ ಒಂದೇ ಲೆಕ್ಕದಿಂದ ತಾಯಿ ಉಳಿಯುವುದಿಲ್ಲ. ಹೆರಿಗೆಯ ನಂತರದ ಗಂಟೆಗಳಲ್ಲಿ ಯಾರು ನೋಡುತ್ತಾರೆ ಎಂಬುದರ ಮೇಲೆ ಅವಳ ಜೀವ ನಿಂತಿದೆ.

ವಿಯೆನ್ನಾ ನಗರದಲ್ಲಿ 1847ರಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಇದನ್ನೇ ಇನ್ನೊಂದು ರೀತಿಯಲ್ಲಿ ಕಂಡಿದ್ದ. ವೈದ್ಯರು ಹೆರಿಗೆ ಮಾಡಿಸುವ ವಾರ್ಡಿನಲ್ಲಿ ಸೂಲಗಿತ್ತಿಯರ ವಾರ್ಡಿಗಿಂತ ಹೆಚ್ಚು ಬಾಣಂತಿಯರು ಸಾಯುತ್ತಿದ್ದರು. ಶವ ಕೊಯ್ದ ಕೈಯನ್ನು ಸರಿಯಾಗಿ ತೊಳೆಯದೆ ವೈದ್ಯರು ಬರುತ್ತಿದ್ದುದೇ ಕಾರಣ. ಕೈತೊಳೆಯುವುದನ್ನು ಕಡ್ಡಾಯ ಮಾಡಿದೊಡನೆ ಸಾವು ಇಳಿಯಿತು. ಕರ್ನಾಟಕದ್ದೇ ಒಂದು ತಾಲ್ಲೂಕು ಮಟ್ಟದ ಹೆರಿಗೆ ಕೇಂದ್ರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹೆರಿಗೆ ಪರಿಶೀಲನಾ ಪಟ್ಟಿಯನ್ನು ಬಳಸಿ ನೋಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಪ್ರತಿ ಹೆರಿಗೆಗೆ ಪಾಲಿಸಬೇಕಾದ 29 ಕ್ರಮಗಳಲ್ಲಿ ಮೊದಲು ಸರಾಸರಿ 10 ಮಾತ್ರ ನಡೆಯುತ್ತಿದ್ದವು; ಪಟ್ಟಿ ಬಂದ ಮೇಲೆ 25 ನಡೆದವು. ಪಟ್ಟಿಯೊಂದೇ ಸಾಲದು ಎಂಬುದನ್ನೂ ಹೇಳಬೇಕು. ಉತ್ತರ ಪ್ರದೇಶದಲ್ಲಿ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2017ರಲ್ಲಿ ಬಂದಾಗ, ಕ್ರಮಪಾಲನೆ ಹೆಚ್ಚಿದರೂ ಸಾವು ಇಳಿದಿರಲಿಲ್ಲ. ರಕ್ತ, ಔಷಧಿ, ನುರಿತ ಕೈ, ವೇಳೆಗೆ ಸರಿಯಾಗಿ ಮುಂದಿನ ಆಸ್ಪತ್ರೆ, ಇವೆಲ್ಲ ಜೊತೆಗೂಡಬೇಕು.

ನಮ್ಮ ಭಾಗದ ಜಿಲ್ಲೆಗಳ ಎರಡು ಘಟನೆಗಳು ಇನ್ನೂ ಹಸಿಯಾಗಿವೆ. ಕಲಬುರಗಿಯ ಕೆಲವು ಖಾಸಗಿ ಆಸ್ಪತ್ರೆಗಳು ಲಂಬಾಣಿ ಮತ್ತು ದಲಿತ ಮಹಿಳೆಯರ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆದುಹಾಕಿದ ಸಂಗತಿ 2015ರಲ್ಲಿ ಬಯಲಾಯಿತು. ಅವರಲ್ಲಿ ಅನೇಕರು ನಲವತ್ತು ತುಂಬದವರು. ಹೊಟ್ಟೆನೋವು, ಬಿಳಿಮುಟ್ಟು ಎಂದು ಹೋದವರಿಗೆ ಕ್ಯಾನ್ಸರಿನ ಭಯ ಹುಟ್ಟಿಸಿ ಕತ್ತರಿ ಹಾಕಲಾಗಿತ್ತು. ಇನ್ನೊಂದು ಘಟನೆ ಬಳ್ಳಾರಿಯದು. 2024ರ ನವೆಂಬರಿನಲ್ಲಿ ಅಲ್ಲಿನ ಸರಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಜೇರಿಯನ್ ಆದ ಐವರು ಬಾಣಂತಿಯರು ಪ್ರಾಣ ಕಳಕೊಂಡರು. ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಂದು, ರಾಜ್ಯ ಸರಕಾರ ಅದರ ಬಳಕೆಯನ್ನು ತಡೆದು ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಮೊದಲನೆಯದು ಖಾಸಗಿಯವರ ಹಣದಾಸೆಯ ಕಥೆಯಾದರೆ, ಎರಡನೆಯದು ಸರಕಾರಿ ಆಸ್ಪತ್ರೆಯೂ ಪರೀಕ್ಷೆಗೆ ಹೊರತಲ್ಲವೆಂಬ ಎಚ್ಚರಿಕೆ.

ನಾವು ಕೇಳಬೇಕಾದ ಮಾತುಗಳು

ಹಾಗಾದರೆ ಕುಷ್ಟಗಿಯ, ಯಲಬುರ್ಗಾದ ಒಬ್ಬ ಸಾಮಾನ್ಯ ಮನುಷ್ಯ ನರ್ಸಿಂಗ್ ಹೋಮನ್ನು ತೂಗಿ ನೋಡುವುದು ಹೇಗೆ? ಅದಕ್ಕೆ ವೈದ್ಯಶಾಸ್ತ್ರ ಓದಬೇಕಿಲ್ಲ.

ನೋಂದಣಿ ಪತ್ರ ಮತ್ತು ದರಪಟ್ಟಿ ಗೋಡೆಯ ಮೇಲಿದೆಯೇ, ನೋಂದಣಿಯ ಅವಧಿ ಮುಗಿದಿಲ್ಲವಷ್ಟೆ ಎಂದು ನೋಡಬೇಕು. ಹೊರಗಿನ ಫಲಕದಲ್ಲಿ ಹತ್ತು ಡಾಕ್ಟರುಗಳ ಹೆಸರಿರಬಹುದು. ರಾತ್ರಿ ಎರಡು ಗಂಟೆಗೆ ಇರುವವರು ಯಾರು ಎಂದು ಕೇಳಬೇಕು. ನರ್ಸುಗಳು ಕಲಿತು ಬಂದವರೋ, ಹತ್ತನೆ ಓದಿ ಬಿಳಿ ಅಂಗಿ ತೊಟ್ಟವರೋ ತಿಳಿಯಬೇಕು. ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಯ ಬಳಿ ಹೋಗುವಾಗ ಕೈ ತೊಳೆಯುತ್ತಾರೆಯೇ, ಬಳಸಿದ ಸೂಜಿಯನ್ನು ಬೇರೆ ಡಬ್ಬಿಗೆ ಹಾಕುತ್ತಾರೆಯೇ, ಹಳದಿ, ಕೆಂಪು ಚೀಲಗಳಲ್ಲಿ ಕಸ ಬೇರೆಯಾಗುತ್ತದೆಯೇ ಎಂಬುದನ್ನು ಕೂತಲ್ಲಿಂದಲೇ ನೋಡಬಹುದು. ಕರೆಂಟು ಹೋದರೆ ಜನರೇಟರ್ ಇದೆಯೇ, ಬೆಂಕಿ ಬಿದ್ದರೆ ಇಳಿಯಲು ಎರಡನೇ ದಾರಿಯಿದೆಯೇ ನೋಡಬೇಕು. ಕೋಲ್ಕತ್ತಾದ ದೊಡ್ಡ ಖಾಸಗಿ ಆಸ್ಪತ್ರೆಯೊಂದರಲ್ಲಿ 2011ರ ಡಿಸೆಂಬರಿನಲ್ಲಿ ಬೆಂಕಿ ಬಿದ್ದು ಸುಮಾರು 90 ಮಂದಿ ಸತ್ತದ್ದು ಬಹುಪಾಲು ಹೊಗೆಯಿಂದ.

ಹೆರಿಗೆಯಾದರೆ ರಕ್ತ ಎಲ್ಲಿಂದ ತರುತ್ತಾರೆ, ಕೈಮೀರಿದರೆ ಯಾವ ಆಸ್ಪತ್ರೆಗೆ, ಯಾವ ಗಾಡಿಯಲ್ಲಿ, ಯಾರ ಜೊತೆಯಲ್ಲಿ ಕಳಿಸುತ್ತಾರೆ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು. ಸಹಿ ಹಾಕುವ ಕಾಗದವನ್ನು ಓದಿಸಿ ಕೇಳಬೇಕು. ಗರ್ಭಕೋಶ ತೆಗೆಯಬೇಕೆಂದು ಹೇಳಿದರೆ, ಜೀವಕ್ಕೆ ತಕ್ಷಣದ ಅಪಾಯವಿಲ್ಲದಿದ್ದಲ್ಲಿ, ಇನ್ನೊಬ್ಬ ವೈದ್ಯರಿಗೆ ತೋರಿಸದೆ ಒಪ್ಪಬಾರದು. ಮನೆಗೆ ಬರುವಾಗ ಚಿಕಿತ್ಸೆಯ ವಿವರದ ಕಾಗದವನ್ನೂ ರಶೀದಿಯನ್ನೂ ಕೇಳಿ ಪಡೆದು ಜೋಪಾನ ಮಾಡಬೇಕು. ಬರೀ ಚೀಟಿಯ ಮೇಲೆ ಮೊತ್ತ ಬರೆದುಕೊಟ್ಟರೆ ಅದು ರಶೀದಿಯಲ್ಲ.

ಹೀಗೆ ಕೇಳುವುದೆಂದರೆ ವೈದ್ಯರನ್ನು ಶತ್ರುವಾಗಿ ಕಾಣುವುದಲ್ಲ. ದೊಡ್ಡ ಊರಿನ ಸಂಬಳ ಬಿಟ್ಟು ತಾಲ್ಲೂಕಿನಲ್ಲಿ ನಿಂತು, ನಿದ್ದೆಗೆಟ್ಟು ಹೆರಿಗೆ ಮಾಡಿಸುವ ಎಷ್ಟೋ ವೈದ್ಯ ದಂಪತಿಗಳಿದ್ದಾರೆ. ಸಾವಾದ ಕೂಡಲೇ ಗಾಜು ಒಡೆದು, ಡಾಕ್ಟರ ಮೇಲೆ ಕೈಮಾಡುವ ಚಾಳಿ ಅವರನ್ನು ಊರು ಬಿಡಿಸುತ್ತದೆ. ಅದು 2009ರ ರಾಜ್ಯ ಕಾನೂನಿನಂತೆ ಅಪರಾಧ. ಧರ್ಮದ ದೃಷ್ಟಿಯಲ್ಲಿ ಅನ್ಯಾಯ. ಮೊದಲು ಪ್ರಶ್ನೆ ಕೇಳದವರೇ ಕೊನೆಗೆ ಕಲ್ಲು ಎತ್ತುತ್ತಾರೆ. ಕಾಗದ ಕೈಯಲ್ಲಿದ್ದವರು ಪ್ರಾಧಿಕಾರಕ್ಕೆ, ಗ್ರಾಹಕರ ಆಯೋಗಕ್ಕೆ ಹೋಗಬಲ್ಲರು.

ಕೊನೆಯದಾಗಿ ನಮ್ಮ ಜಮಾಅತ್‌ಗಳಿಗೆ ಒಂದು ಮಾತು. ರಮಝಾನಿನಲ್ಲಿ ಬರುವ ಝಕಾತಿನ ಅರ್ಜಿಗಳಲ್ಲಿ ಆಸ್ಪತ್ರೆಯ ಬಿಲ್ಲಿನ ಸಾಲ ತೀರಿಸಲು ನೆರವು ಬೇಡುವವು ಕಡಿಮೆಯಿಲ್ಲ. ಹಣ ಕೊಟ್ಟು ಕೈತೊಳೆದುಕೊಳ್ಳುವ ಬದಲು, ಓದುಬಲ್ಲ ನಾಲ್ವರು ಯುವಕ ಯುವತಿಯರನ್ನು ಈ ಕೆಲಸಕ್ಕೆ ನೇಮಿಸಬಹುದು. ಸೇರಿಸುವ ಮುನ್ನ ರೋಗಿಯ ಮನೆಯವರೊಂದಿಗೆ ಹೋಗಿ ಕೇಳಬೇಕಾದ್ದನ್ನು ಕೇಳಲಿ, ಕಾಗದ ಓದಿ ಹೇಳಲಿ, ಸರಕಾರದ ಯೋಜನೆಗಳಲ್ಲಿ ಉಚಿತವಾಗಿ ಸಿಗುವುದನ್ನು ಕೊಡಿಸಲಿ, ದೂರು ಬರೆಯಬೇಕಾದಾಗ ಬರೆದುಕೊಡಲಿ. ಈ ನೆರವು ಮಸೀದಿಯ ಮೊಹಲ್ಲಾಕ್ಕಷ್ಟೇ ಸೀಮಿತವಾಗಬಾರದು. ಬೀದರಿನ ಆಸ್ಪತ್ರೆಯಲ್ಲಿ ವೈದ್ಯರೂ ಹಕೀಮರೂ ಜೊತೆಯಾಗಿ ದುಡಿದಂತೆ, ಮಠದವರೂ ಸಂಘದವರೂ ಇದರಲ್ಲಿ ಕೈಜೋಡಿಸಿದರೆ ಕುಷ್ಟಗಿ, ಯಲಬುರ್ಗಾದ ತಾಯಂದಿರಿಗೆ ಮುಹ್ತಸಿಬನ ಕೊರತೆ ಕಾಡದು.